ಇನ್ನೂರು ಪ್ರತಿ

ಟವೆಲ್ಲಿನ ಅಂಚು ಹೊಲಿಯುತ್ತ ಹೊಲಿಯುತ್ತ
ಒಂದು ಪ್ರೇಮ ಕಾದಂಬರಿ ಬರೆದೆ.
ಡಜನ್ನಿಗೊಂದು ವಾಕ್ಯ, ಅಷ್ಟೇ ನನ್ನ ವೇಗ.
ಸೂಪರ್‌ವೈಸರ್ ಚಹಾಕ್ಕೆ ಹೋದಾಗ
ಪ್ಯಾಕಿಂಗಿನ ರಟ್ಟಿನ ಮೇಲೆ ಗೀಚಿ,
ಕುಪ್ಪಸದೊಳಗಿಟ್ಟು ಮನೆಗೆ ಒಯ್ದು,
ರಾತ್ರಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ.
ಅದರ ರಟ್ಟಿನ ಮೇಲೆ ಮರಾಠಿಯಲ್ಲಿ ನಾವ್, ವಿಷಯ್.
ನಾವ್ ಎದುರು: ಸುಗಲಾ ರೇವಪ್ಪ ಬಿರಾಜದಾರ, ಸೊಲ್ಲಾಪುರ.
ವಿಷಯದೆದುರು ಖಾಲಿ ಬಿಟ್ಟೆ.
ನಾಚಿಕೆ.

ಕತೆ ಇಷ್ಟು:
ಹೊಟಗಿ ಜಂಕ್ಷನ್ನಿನಲ್ಲಿ ಒಬ್ಬ, ಒಬ್ಬಳು.
ಅವನ ಗಾಡಿ ಗದಗಿನ ಕಡೆ, ಇವಳದು ವಾಡಿಯ ಕಡೆ.
ನಡುವೆ ನಲವತ್ತು ನಿಮಿಷ, ಒಂದು ಕಲ್ಲುಬೆಂಚು,
ಇವಳ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ.
ಆ ನಲವತ್ತು ನಿಮಿಷವನ್ನು ನೂರಾ ಎಂಬತ್ತು ಪುಟ ಎಳೆದೆ.
ನನಗೆ ಅಷ್ಟು ಹೊತ್ತು
ಯಾರೂ ಕೊಟ್ಟಿರಲಿಲ್ಲ.

ಗದಗಿನ ಪ್ರಕಾಶಕರಿಗೆ ರಜಿಸ್ಟರ್ ಪೋಸ್ಟು.
ನನ್ನ ನಾಯಕನೂ ಅದೇ ಊರಿನ ಗಾಡಿ ಹತ್ತಿದವನು,
ಶಕುನ ಚಲೋ ಅನಿಸಿತು.
ವಿಜಾಪುರದ ಬಸ್ಸಿನಲ್ಲಿ ಯಾವಳೋ ಕಾಲೇಜು ಹುಡುಗಿ
ನನ್ನ ಪುಸ್ತಕ ಓದುತ್ತ ಇಳಿಯುವ ಸ್ಟಾಪು ಮರೆಯುತ್ತಾಳೆ,
ಕಂಡಕ್ಟರ್ ಬೈಯುತ್ತಾನೆ.
ಏಳು ತಿಂಗಳು ಅವಳನ್ನು ಇಳಿಯಗೊಡಲಿಲ್ಲ ನಾನು.

ಕೊನೆಗೆ ಫೋನು:
“ಅಕ್ಕಾರ, ಭಾಷಾ ಚಲೋ ಅದ. ಆದ್ರ ಪ್ರೇಮ ಈಗ ಓಡೂದಿಲ್ರಿ.
ನಾಯಕಿನ್ನ ಧಾರವಾಡದಾಕಿ ಮಾಡ್ರಿ.
ಟವೆಲ್ ಫ್ಯಾಕ್ಟರಿ ಬ್ಯಾಡ, ಟೀಚರ್ ಇರ್ಲಿ.
ಕೊನಿಗೆ ಮದಿವಿ ಮಾಡಿಸಿ ಬಿಡ್ರಿ, ಪುಣ್ಯ ಬರ್ತದ.
ಇಪ್ಪತ್ತೆಂಟು ಸಾವಿರ ನೀವು ಹಾಕ್ರಿ,
ಇನ್ನೂರು ಪ್ರತಿ ನಿಮಗ.”

ಭಿಶಿ ಎತ್ತಿದೆ.
ಮೇಲಿನ ಪತ್ರಾಸು ಇನ್ನೊಂದು ಮಳೆಗಾಲ ಸೋರಲಿ ಅಂದೆ.
ಟೀಚರ್ ಮಾಡಿದೆ. ಧಾರವಾಡ ಕೊಡಲಿಲ್ಲ.
ಮದುವೆಗೆ ಒಂದೇ ಸಾಲು, ಅಂಚು ಮಡಚಿ
ದಾರ ಕಾಣದ ಹಾಗೆ ಹೊಲಿದೆ.

ಪುಸ್ತಕ ಬಂತು.
ಮುಖಪುಟದಲ್ಲಿ ಹಿಮದ ಬೆಟ್ಟ, ಒಂದು ಗುಲಾಬಿ.
ಹೊಟಗಿಯಲ್ಲಿ!
ಬಿರಾಜದಾರ ಹೋಗಿ ಬಿರಾದಾರ ಆಗಿದ್ದೆ.
ಹನ್ನೊಂದು ಮಾರಿದೆ. ಮೂರು ಓದಲು ಒಯ್ದವರು ತಿರುಗಿ ತರಲಿಲ್ಲ,
ಅವನ್ನೂ ಹೋಗಲಿ ಎಂದು ಮಾರಾಟದಲ್ಲೇ ಹಿಡಿದೆ.
ಉಳಿದವು ಮಂಚದ ಕೆಳಗೆ, ಸೆಕೆಂಡ್ಸ್ ಟವೆಲ್ಲು ಸುತ್ತಿ.
ಒಂದು ಕಟ್ಟನ್ನು ರೇವಪ್ಪ
ಕೂಲರಿನ ಕುಂಟು ಕಾಲಿಗೆ ಕೊಟ್ಟ.
ಸಿಟ್ಟು ಬರಬೇಕಿತ್ತು. ಆದರೆ ಕೂಲರ್
ಅಲುಗುವುದು ನಿಂತದ್ದು ಖರೆ.

ಪಕ್ಕದ ಮಷಿನ್ನಿನವಳು ನರಸೂಬಾಯಿ ಗುಂಡೇಟಿ.
ತೆಲುಗು ಶಾಲೆ, ನಾಲ್ಕನೇ ಇಯತ್ತೆ.
ಅವಳ ಅಕ್ಷರಕ್ಕೂ ನನ್ನ ಅಕ್ಷರಕ್ಕೂ
ತಲೆಕಟ್ಟಿನಲ್ಲಷ್ಟೇ ಜಗಳ.
ಊಟದ ಬಿಡುವಿನಲ್ಲಿ ಬೆರಳಿಟ್ಟು ಓದುತ್ತಾಳೆ:
ಹೊ… ಟ… ಗಿ. ಗಾ… ಡಿ.
ದಿನಕ್ಕೆ ಅರ್ಧ ಪುಟ.
ತಿಳಿಯದ್ದನ್ನು ಕೇಳುತ್ತಾಳೆ, ಮರಾಠಿಯಲ್ಲಿ ಹೇಳುತ್ತೇನೆ.
ವಿರಹ ಬಂದಾಗ ಕೈ ತೋರಿಸಿ ತಡೆದಳು,
“ಇದು ನಮ್ಮಲ್ಲೂ ಅದೇ.”

ನಿನ್ನೆ ಹದಿನಾಲ್ಕನೇ ಪುಟ.
ದಾರ ಹಲ್ಲಿನಲ್ಲಿ ಕಡಿಯುತ್ತ ಕೇಳಿದಳು:
“ಇಷ್ಟೆಲ್ಲ ಮಾತಾಡ್ತಾನ ಇಂವ,
ಆಕಿ ಉಂಡಳೋ ಇಲ್ಲೋ ಕೇಳಲೇ ಇಲ್ಲಲ್ಲ?”

ಕೇಳಿರಲಿಲ್ಲ.
ರೊಟ್ಟಿ ಅಷ್ಟೂ ಅವನೇ ತಿಂದಿದ್ದ.
ಪ್ರಕಾಶಕರು, ಪ್ರೂಫ್ ನೋಡಿದವರು, ದುಡ್ಡು ಕೊಟ್ಟ ಹನ್ನೊಂದು ಮಂದಿ,
ನಾನು:
ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ರಾತ್ರಿ ಮಂಚದ ಕೆಳಗಿನ ಕಟ್ಟು ಬಿಚ್ಚಿದೆ.
ಒಂದೊಂದೇ ಪ್ರತಿ ತೆಗೆದು, ಹದಿನಾಲ್ಕನೇ ಪುಟದ ಅಂಚಿಗೆ
ನೀಲಿ ಪೆನ್ನಿನಲ್ಲಿ ಬರೆಯುತ್ತಿದ್ದೇನೆ:
‘ನೀನು ಉಂಡೆಯಾ?’ ಅಂದ.

ನಲವತ್ತು ಮುಗಿದವು.
ಕೂಲರಿನ ಕಾಲಿನ ಕೆಳಗಿನವನ್ನೂ ಎಳೆದುಕೊಂಡೆ.
ಗಡಗಡ ಅನ್ನುತ್ತಿದೆ.
ರೇವಪ್ಪ ಮಗ್ಗಲು ಬದಲಿಸಿ,
ಏನದು ಸಪ್ಪಳ, ಅಂತಾನೆ.
ಗಾಡಿ, ಅಂದೆ.