ಮೂರನೇ ಸಿಲಿಂಡರು

ತುಳಜಾಪುರ ಘಾಟಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು
ಎರಡು ಟ್ರೇಲರು ಎಳಕೊಂಡು, ಸ್ಪೀಕರು ಹಚ್ಚಿಕೊಂಡು
ಅವನ ಫಿಯಾಟನ್ನು ಹಿಂದೆ ಹಾಕಿ ಹೋಯಿತಂತೆ.
ಆ ಅವಮಾನ ಹೊತ್ತು ಬಂದಿದ್ದ ಅಣವೀರಪ್ಪ,
ಜೊತೆಗೆ ಎರಡು ಡಬ್ಬಿ ಶೇಂಗಾ ಹಿಂಡಿ,
ತನ್ನದೇ ಕಾರಖಾನೆಯದು, ಖಾರ ಜಾಸ್ತಿ,
ಮತ್ತೆ ಒಂದು ಚೀಟಿ.

ಜೋಡಿ ಕಾರ್ಬುರೇಟರು. ರೇಸಿನ ಕ್ಯಾಮು.
ಬೋರು ಇನ್ನೂ ದೊಡ್ಡದು. ಹಗುರ ಫ್ಲೈವೀಲು.
ಕೊನೆಗೆ, ಬೇರೆ ಶಾಯಿಯಲ್ಲಿ:
ಆವಾಜು ಗಂಭೀರ ಇರಬೇಕು.

ಅಕ್ಕಲಕೋಟೆ ರಸ್ತೆಯ ನನ್ನ ಶೆಡ್ಡಿನಲ್ಲಿ
ಬಿಲ್ಲು ಮರಾಠಿ, ಬೈಗುಳ ಕನ್ನಡ,
ಪಕ್ಕದ ಪವರ್‌ಲೂಮಿನ ಹುಡುಗರ ಜಗಳ ತೆಲುಗು.
ಕಬ್ಬಿಣಕ್ಕೆ ಭಾಷೆ ಇಲ್ಲ ಅನ್ನುತ್ತಾರೆ. ಸುಳ್ಳು.
ಗೆಣ್ಣಿನಿಂದ ಬಾರಿಸಿ ನೋಡಿ,
ಬಿರುಕು ಬಿಟ್ಟದ್ದು ತಾನೇ ಬಾಯಿ ಬಿಡುತ್ತದೆ.

ರೇಸಿನ ಕ್ಯಾಮು ಹಾಕಿದರೆ, ಸಾವ್ಕಾರ್ರೇ,
ನಾಲ್ಕು ಸಾವಿರ ಸುತ್ತಿನ ಮೇಲೆ ಅದು ಹುಲಿ,
ಕೆಳಗೆ ಎಮ್ಮೆ.
ನವಿ ಪೇಠಿನ ಸಂದಣಿಯಲ್ಲಿ ದಿನಾ ನೀವು ಕೂಡೋದು
ಎಮ್ಮೆಯ ಮೇಲೆ.
ಜೋಡಿ ಕಾರ್ಬುರೇಟರು ಅಂದರೆ ಜೋಡಿ ಸಂಸಾರ,
ಇದನ್ನು ರಮಿಸುವಷ್ಟರಲ್ಲಿ ಅದು ಮುನಿಸಿಕೊಂಡಿರುತ್ತದೆ.
"ಒಂದ ಸಾಕು ಬಿಡ್ರಿ" ಅಂದ. ಚೀಟಿಯ ಮೇಲೆ ಗೆರೆ ಎಳೆದ.
"ಬೋರು?"

ಹೆಡ್ಡು ಎತ್ತಿದೆ. ಗೇಜು ಇಳಿಸಿದೆ.
ಒಂದು, ಎರಡು, ನಾಲ್ಕು: ನಲವತ್ತು ಥೌ.
ಮೂರು: ನಲವತ್ತಾರು.
ಮತ್ತೆ ಅಳೆದೆ. ನಲವತ್ತಾರು.
ಬ್ಲಾಕಿನ ಅಂಚಿನ ಜಿಡ್ಡನ್ನು ಡೀಸೆಲು ಹಾಕಿ ಉಜ್ಜಿದರೆ
ಪಂಚಿನ ಗುರುತು: ಒಂದು ಚುಕ್ಕೆ, ಒಂದು ಬಾಗಿದ ಏಳು.
ದಾವಲಸಾಬ ವಸ್ತಾದರ ಶೆಡ್ಡಿನಲ್ಲಿ
ಆ ಬಾಗಿದ ಏಳು ನನ್ನದು.

ಹದಿನೆಂಟು ವಯಸ್ಸು. ಹೊರಗೆ ಯಾವುದೋ ಬರಾತು,
ಕುದುರೆ ಮೇಲೆ ಮದುಮಗ, ಹಿಂದೆ ಅವನ ತಂಗಿ.
ಮೈಕ್ರೋಮೀಟರಿನ ಆರು ಗೆರೆ ನುಂಗಿಬಿಟ್ಟೆ.
ವಸ್ತಾದರು ಕೈ ಎತ್ತಲಿಲ್ಲ. ಮೋಡಕಾ ಪೆಟ್ಟಿಗೆ ಬೋರಲು ಹಾಕಿ
ಒಂದು ಡೊಡ್ಡ ಪಿಸ್ಟನ್ನು ಹುಡುಕಿ
ಲೇಥಿನ ಮೇಲೆ ರಾತ್ರಿಯೆಲ್ಲ ಕೆತ್ತಿ
ನನ್ನ ತಪ್ಪಿನ ಅಳತೆಗೆ ಅಂಗಿ ಹೊಲಿದರು.
ಒಂಬತ್ತು ಗ್ರಾಮು ಭಾರ ಆಯಿತು, ಅಷ್ಟೆ.
ಅಂದಿನಿಂದ ಈ ಗಾಡಿ ನಿಂತಲ್ಲಿ ಸಣ್ಣಗೆ ಕುಂಟುತ್ತಿದೆ,
ಮೂವತ್ತಮೂರು ವರ್ಷ.

"ಇಷ್ಟು ಕೆರದವ ಯಾವ ಕತ್ತೀರೀ?"
ನಾನು, ಅಂದೆ.
ಅವ ಹಿಂಡಿಯ ಡಬ್ಬಿಗಳ ಕಡೆ ನೋಡಿದ.
ವಾಪಸು ಒಯ್ಯಲಿಲ್ಲ.

ಗೋಡೆ ಈಗ ಕಾಗದ, ಬೋರು ಆಗದು.
ನಾಲ್ಕಕ್ಕೂ ಸ್ಲೀವು ಹಾಕಿ ಹುಟ್ಟಿದ ಅಳತೆಗೇ ತಂದೆ.
ಉಸಿರು ಬಿಗಿಯಾಗಲೆಂದು ಹೆಡ್ಡನ್ನು ಮೂವತ್ತು ಥೌ ಸವರಿದೆ.
ಜೆಟ್ಟು ಒಂದು ನಂಬರು ದೊಡ್ಡದು.
ಪಿಸ್ಟನ್ನುಗಳನ್ನು ಸರಾಫಿಯ ಪೋತದಾರನ ತಕ್ಕಡಿಗೆ ಒಯ್ದು
ಬಂಗಾರ ತೂಗಿದಂತೆ ತೂಗಿ
ಹೆಚ್ಚಾದಲ್ಲಿ ಒಳಗಿನಿಂದ ಚಿವುಟಿ, ಮತ್ತೆ ತೂಗಿ.
ಇದು ಚೀಟಿಯಲ್ಲಿ ಇರಲಿಲ್ಲ.
ಬಿಲ್ಲಿನಲ್ಲೂ ಬರೆಯಲಿಲ್ಲ.

ರಿಂಗು ಪಳಗಬೇಕು, ಐದುನೂರು ಕಿಲೋಮೀಟರು
ನಲವತ್ತರ ಮೇಲೆ ಬೇಡ, ಅಂದೆ.
ಅವ ನನ್ನನ್ನು ನೋಡಿದ ನೋಟಕ್ಕೆ ಯಾವ ಗೇಜೂ ಇಲ್ಲ.
ಆದರೂ ಹೊರಟ, ತುಳಜಾಪುರದ ಕಡೆಗೇ. ಪಕ್ಕದಲ್ಲಿ ನಾನು.

ಘಾಟಿಗೆ ಮುಂಚೆಯೇ ಹಿಂದಿನಿಂದ ಸ್ಪೀಕರು.
ಖಾಲಿ ಟ್ರೇಲರುಗಳು, ಮನೆಗೆ ಹೋಗುವ ಅವಸರ.
ಅಣವೀರಪ್ಪನ ಕಾಲು ಎಕ್ಸಲೇಟರಿನ ಮೇಲೆ ನಡುಗಿತು.
ಒತ್ತಲಿಲ್ಲ.
ಟ್ರ್ಯಾಕ್ಟರು ಹೋಯಿತು, ಹಾಡು ಹೋಯಿತು,
ನಾಲ್ಕು ರವದಿ ಹಾರಿ ಗಾಜಿಗೆ ಬಡಿದವು.

ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಇಂಜಿನು ಬಂದ್ ಮಾಡಲಿಲ್ಲ.
ಒಂದು, ಮೂರು, ನಾಲ್ಕು, ಎರಡು.
ಒಂದು, ಮೂರು, ನಾಲ್ಕು, ಎರಡು.
ಬಹಳ ಹೊತ್ತು ಕೇಳಿದ, ಕತ್ತು ವಾರೆ ಮಾಡಿ.
"ಏನೋ ಕಮ್ಮಿ ಆಗೇದಲ್ರೀ ಇದರಾಗ?"

ಹೌದು, ಅಂದೆ.
ಆರು ಥೌ.