ಉಪ್ಪು ನೋಡಿ ಹೋಗು

ಬಾಲ್ತಾ ಮಾಮನಿಗೆ ಕಡಿಮೆ ಅಡುಗೆ ಮಾಡಲು ಬರುತ್ತಿರಲಿಲ್ಲ.
ಧಾರಾಳತನ ಅನ್ನಬೇಡಿ,
ಅದು ಲೆಕ್ಕದ ತಪ್ಪು.
ಇಪ್ಪತ್ತಾರು ವರ್ಷ ಡಚ್ಚರ ಸರಕುಹಡಗಿನಲ್ಲಿ
ಮೂವತ್ತನಾಲ್ಕು ಮಂದಿಗೆ ಬೇಯಿಸಿದ ಕೈ
ಮಿಂದೆಲೊ ಬಂದರಿನಲ್ಲಿ ಪೆಟ್ಟಿಗೆ ಇಳಿಸಿದ ಮೇಲೂ
ಮೂವತ್ತನಾಲ್ಕನ್ನೇ ಅಳೆಯುತ್ತಿತ್ತು.
ಮನೆಯಲ್ಲಿದ್ದವರು ಅವನು, ಎರ್ನೆಸ್ತೀನ ಅತ್ತೆ,
ಗುಬ್ಬಿಯಷ್ಟು ತಿನ್ನುವ ನಾನು.

ನಮ್ಮ ದ್ವೀಪದಲ್ಲಿ ತಾನಾಗಿ ಬೆಳೆಯುವುದು ಗಾಳಿ ಒಂದೇ.
ಮಿಕ್ಕದ್ದೆಲ್ಲ ದೋಣಿ ಹತ್ತಿ ಬರಬೇಕು:
ಗೆಣಸು, ಸೊಪ್ಪು, ಇದ್ದಿಲು, ಸಾವಿನ ಸುದ್ದಿ.
ಶನಿವಾರ ಮಧ್ಯಾಹ್ನ ಒರಳಿಗೆ ಮುಸುಕಿನ ಜೋಳ ಸುರಿದು
ನೀರು ಚಿಮುಕಿಸಿ ಕುಟ್ಟುವನು,
ಮೊರದಲ್ಲಿ ಕೇರಿದರೆ ಹೊಟ್ಟೆಲ್ಲ ಪಕ್ಕದ ಮನೆಯ ಒಗೆದ ಬಟ್ಟೆಗೆ.
ಭಾನುವಾರ ನಸುಕಿಗೇ ಒಲೆಗೆ ಕೊಪ್ಪರಿಗೆ:
ರಾತ್ರಿ ನೆನೆದ ಜೋಳ, ಅವರೆ, ಮರಗೆಣಸು,
ಹಂದಿಯ ಕಿವಿ, ಒಂದೇ ಒಂದು ಪಲಾವ್ ಎಲೆ.
ಕಾಚೂಪಾ ಕುದಿಯುವ ಸದ್ದು
ಮುದುಕನೊಬ್ಬ ತನ್ನಷ್ಟಕ್ಕೆ ಬೈದುಕೊಳ್ಳುವಂತೆ.

"ಯಾರ ಹೊಟ್ಟೆಗೆ ಸುರಿಯಲಿ ಇದನ್ನ?" ಎನ್ನುವಳು ಅತ್ತೆ.
ಮಾಮ ಸೌಟು ಹಿಡಿದು ಹೊಸ್ತಿಲಿಗೆ ಬರುವನು,
ಬಾಕಿ ವಸೂಲಿಗೆ ಬಂದವನಂತೆ ಬೀದಿ ನೋಡುವನು.
ಊಟಕ್ಕೆ ಬಾ ಎಂದು ಯಾರನ್ನೂ ಕರೆದವನಲ್ಲ.
"ಇಲ್ಲಿ ಬಾ, ಉಪ್ಪು ನೋಡಿ ಹೋಗು."

ಅಷ್ಟೇ.
ಕೆಲಸ ಕಳೆದುಕೊಂಡ ವೆಲ್ಡರ್, ಮೀನು ಮಾರುವ ದುಲ್ಸಿ,
ನೀರಿನ ಬಿಲ್ಲು ಕೊಡಲು ಬಂದ ಹುಡುಗ,
ಹಡಗು ಕೆಟ್ಟು ಬಂದರಿನಲ್ಲಿ ಸಿಕ್ಕಿಕೊಂಡ ಕೊರಿಯಾದ ಮೆಕ್ಯಾನಿಕ್
(ನಮ್ಮ ಮಾತಿನಲ್ಲಿ ಅವನು ಕಲಿತದ್ದು ಉಪ್ಪು ಎಂಬ ಒಂದೇ ಪದ),
ಉಪಕಾರ ಮಾಡಲು ಬಂದವರ ಗತ್ತಿನಲ್ಲಿ ಒಳಬಂದು
ಎರಡೆರಡು ತಟ್ಟೆ ಉಂಡು
"ಸರಿಯಾಗಿದೆ" ಎಂದು ತೀರ್ಪು ಕೊಟ್ಟು ಹೋಗುವರು.
ಹಸಿದವರು ಅಂತ ಆ ಮನೆಗೆ ಯಾರೂ ಬರಲಿಲ್ಲ.
ಪರೀಕ್ಷಕರೇ ಎಲ್ಲ.

ಕೊನೆಯ ಎರಡು ವರ್ಷ
ಮಾಮನ ನಾಲಗೆ ಸತ್ತಿತ್ತು.
ಯಾವುದೋ ಜ್ವರ ಬಿಟ್ಟು ಹೋಗುವಾಗ
ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು.
ಯಾರಿಗೂ ಹೇಳಲಿಲ್ಲ.
ಆಗ ಅವನು ನಿಜಕ್ಕೂ ಕೇಳುತ್ತಿದ್ದ, ಉಪ್ಪು ನೋಡು, ಎಂದು.
ನಾವು ಹಳೆಯ ಆಟವೆಂದೇ ತಿಳಿದು
ಸಪ್ಪೆಯಿದ್ದರೂ, ಬಾಯಿಗಿಡಲಾಗದಿದ್ದರೂ
ಸರಿಯಾಗಿದೆ, ಸರಿಯಾಗಿದೆ.
ದುಲ್ಸಿ ಒಬ್ಬಳು ಚಮಚ ಕೆಳಗಿಟ್ಟು
"ಬಾಲ್ತಾ, ಇದರಲ್ಲಿ ಮೀನು ಬಿಟ್ಟರೆ ಈಜುತ್ತೆ" ಅಂದಳು.
ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ.
ಆಮೇಲೆ ಹಿತ್ತಲಲ್ಲಿ ಕೊಪ್ಪರಿಗೆಯ ತಳ ಉಜ್ಜುತ್ತ
ಬಹಳ ಹೊತ್ತು ಕೂತಿದ್ದ.
ತಳ ಹಿಡಿದಿರಲೇ ಇಲ್ಲ.
ಆ ವಾರದಿಂದ ಮೊದಲ ತಟ್ಟೆ ದುಲ್ಸಿಗೆ.

ಅವನು ಹೋದ ಏಳನೇ ದಿನದ ಪ್ರಾರ್ಥನೆಗೆ ಬೀದಿಯೇ ಬಂತು.
ಅತ್ತೆ ಕಾಫಿ ಇಟ್ಟಳು, ಅಂಗಡಿಯ ಬಿಸ್ಕತ್ತು ಇಟ್ಟಳು.
ಏನು ನೋಡಿ ಏನು ಹೇಳಬೇಕೋ ತಿಳಿಯದೆ
ಜನ ಬರಿಗೈಯನ್ನೇ ತಟ್ಟೆಯ ಹಾಗೆ ಹಿಡಿದು ನಿಂತಿದ್ದರು.

ಅವನ ನೋಟುಪುಸ್ತಕ ಈಗ ನನ್ನಲ್ಲಿದೆ.
ಎಣ್ಣೆ ಕುಡಿದು ಆಚೆ ಬದಿ ಕಾಣುವ ಹಾಳೆಗಳು,
ಎಲ್ಲ ಮೂವತ್ತನಾಲ್ಕರ ಲೆಕ್ಕ.
ನಾನು ಒಬ್ಬಳು. ಪೆನ್ಸಿಲ್ ಹಿಡಿದು ಭಾಗಿಸುತ್ತ ಹೋದೆ:
ಜೋಳ ಒಂದು ಹಿಡಿ, ಅವರೆ ಅರ್ಧ,
ಈರುಳ್ಳಿ, ಹೋಗಲಿ, ಕಾಲು.
ಪಲಾವ್ ಎಲೆಗೆ ಬಂದು ಪೆನ್ಸಿಲ್ ನಿಂತಿತು.
ಒಂದು ಎಲೆಯನ್ನು ಮೂವತ್ತನಾಲ್ಕು ಮಾಡುವ ಕತ್ತರಿ
ಯಾವ ಅಂಗಡಿಯಲ್ಲಿದೆ?

ಇಡೀ ಎಲೆ ಹಾಕಿದೆ.
ಅದರ ಹಿಂದೆ ಇಡೀ ಜೋಳ, ಇಡೀ ಅವರೆ.
ಅತ್ತೆ ಕೊಟ್ಟುಬಿಟ್ಟಿದ್ದ ಕೊಪ್ಪರಿಗೆಯನ್ನು
ದುಲ್ಸಿಯ ಮಗಳ ಮನೆಯಿಂದ ಎರವಲು ತರಬೇಕಾಯಿತು.

ಬಾಗಿಲು ತೆಗೆದರೆ ಬರೀ ಗಾಳಿ, ಮರಳುಧೂಳು,
ಚೆಂಡಿಲ್ಲದೆ ಗೋಡೆಯನ್ನೇ ಒದೆಯುತ್ತಿದ್ದ ಒಬ್ಬ ಹುಡುಗ.
ಉಪ್ಪು ನೋಡಿ ಹೋಗು, ಅಂದೆ.
ಮಾಮನ ವಸೂಲಿಯ ಜೋರು ನನ್ನ ದನಿಗೆ ಬರಲಿಲ್ಲ,
ಬೇಡುವವಳ ಹಾಗೆ ಕೇಳಿಸಿತು.
ಬಂದ. ಊದಿ ಊದಿ ತಿಂದ. ಮುಖ ಕಿವುಚಿದ.
"ಕಮ್ಮಿ."

ಹಾಕಿದೆ.

"ಇನ್ನೂ."