ಅಕ್ಕನೋ ತಂಗಿಯೋ

ಅರ್ಜಿಯ ನೆತ್ತಿಯ ಮೇಲಿತ್ತು: ಸಿಸ್ಟರ್ ಸಿಟಿ.
ಕನ್ನಡ ಮಾಡಿ ಕಳಿಸಿ ಅಂದರು ಸಾಹೇಬರು.
ಪೆನ್ನು ಬಿಚ್ಚಿದವಳು ಅಲ್ಲೇ ತಡೆದೆ.
ಅಕ್ಕನೋ, ತಂಗಿಯೋ?
ನಮ್ಮ ಮಾತಿನಲ್ಲಿ ಬರೀ ಸಿಸ್ಟರ್ ಅಂಬವಳಿಲ್ಲ.
ಒಬ್ಬಳು ಮೊದಲು ಹುಟ್ಟಿರಲೇಬೇಕು,
ಇನ್ನೊಬ್ಬಳು ಅವಳ ಹಳೆ ಲಂಗ ಉಟ್ಟಿರಲೇಬೇಕು.
ಸಹೋದರಿ ಎಂಬವಳೊಬ್ಬಳಿದ್ದಾಳೆ, ನಿಜ,
ಅವಳು ಹುಟ್ಟುವುದು ಮೈಕಿನಲ್ಲಿ,
ಭಾಷಣ ಮುಗಿದರೆ ಮುಗಿದಳು.

ಟಪಾಲು ಹಂಚುವ ಯಮನೂರಪ್ಪ ಅಂದ:
"ನಮ್ಮ ಕೊಪ್ಪಳದ ಕ್ವಾಟಿ ನೋಡ್ರಿ ಬಾಯಾರ,
ನಾವ ಅಕ್ಕ."
ಮೊಬೈಲಿನಲ್ಲಿ ಹುಡುಕಿದ ಗೌಸಿಯಾ ಅಂದಳು:
"ಅವರ ಚರ್ಚು ಭಾಳ ಹಳೇದೈತಿ, ನಾವ ತಂಗಿ."
ಕಡೆಗೆ 'ಒಡಹುಟ್ಟಿದ ಊರು' ಎಂದು ಬರೆದು
ಏಳು ಸಾವಿರ ಕಿಲೋಮೀಟರಿನಾಚೆಯ ಹಿಮವನ್ನೂ
ನಮ್ಮ ಮಾರ್ಚಿನ ಬಿಸಿಲನ್ನೂ
ಒಂದೇ ಬಸಿರಿಗೆ ಹಾಕಿದೆ.

ಮಂಜೂರಾದದ್ದು ಮೂರು ಲಕ್ಷ ನಲವತ್ತು ಸಾವಿರ.
ವಿಮಾನಕ್ಕಿಷ್ಟು, ವಸತಿಗಿಷ್ಟು,
ಬ್ಯಾನರಿಗಿಷ್ಟು, ಶಾಲು ಹಾರಕ್ಕಿಷ್ಟು.
ಹುಣಸೆಬೀಜದ ಅಂಟಿಗೆ ಬಾಬತ್ತು ಇರಲಿಲ್ಲ.

ಅವಳು ಬಂದಳು, ಆ ಊರಿನ ಮರಗೊಂಬೆಯವಳು.
ಹೆಸರು ಇಂಗ್ರಿಡ್.
ಕಿನ್ನಾಳದ ಬಾಯಲ್ಲಿ ಎರಡೇ ದಿನಕ್ಕೆ
ಹಿಂಗಿರವ್ವ.
"ಹಿಂಗಿರವ್ವ, ಚಾ ಕುಡಿ." "ಹಿಂಗಿರವ್ವ, ನೆರಳಿಗೆ ಬಾ."

ಚಿತ್ರಗಾರ ವಿರೂಪಣ್ಣನ ಪಡಸಾಲೆಯಲ್ಲಿ
ಚಕ್ಕಳಮಕ್ಕಳ ಹಾಕಲು ಬಾರದೆ ಕಾಲು ಚಾಚಿ
ಸಣಬು ಕತ್ತರಿಸಿದಳು, ಕಿಟ್ಟ ನಾದಿದಳು,
ಪೊಳಕಿ ಮರದ ತುಂಡು ಮೂಸಿ ಏನೋ ಅಂದಳು.
ದುಭಾಷಿ ಎಲೆಅಡಿಕೆ ತರಲು ಹೋಗಿದ್ದ.
ವಿರೂಪಣ್ಣ "ಹೌದ್ಹೌದು" ಅಂದ.
ಬೈದಿದ್ದರೂ ಹೌದೇ ಅನ್ನುತ್ತಿದ್ದ.
ಉಳಿ ಜಾರಿ ಅವಳ ಬೆರಳು ಕೊಯ್ದಾಗ
ಅವನ ಹೆಂಡತಿ ನೀಲವ್ವ ಅರಿಶಿನ ಮೆತ್ತಿ
ಸೆರಗಿನ ಅಂಚು ಹರಿದು ಕಟ್ಟಿದಳು.
ಆ ಅಂಚು ಯಾವ ಕಾಲಮ್ಮಿಗೆ ಬರುತ್ತದೋ
ಇವತ್ತಿಗೂ ನನಗೆ ತಿಳಿದಿಲ್ಲ.

ಗೊಂಬೆಗೆ ಕಣ್ಣು ಬರೆಯುವುದು ಕಟ್ಟಕಡೆಗೆ.
ಹುಬ್ಬಳ್ಳಿಗೆ ಕಾರು ಹೊರಡುವ ಮುಂಜಾನೆ
ವಿರೂಪಣ್ಣ ಎಡಗಣ್ಣು ಬರೆದ,
ಕುಂಚ ತೊಳೆದು ಅವಳ ಕೈಯಲ್ಲಿಟ್ಟ.
"ಇನ್ನೊಂದು ಅಲ್ಲಿ ಹೋಗಿ ನೀನ ಬರಿ."
ದುಭಾಷಿ ಈ ಸಲ ಇದ್ದ,
ಆದರೆ ಅವಳಾಗಲೇ ತಲೆಯಾಡಿಸಿದ್ದಳು.

ಆಡಿಟಿನವರು ಕೆಂಪು ಶಾಯಿಯಲ್ಲಿ ಕೇಳಿದರು:
ಗೊಂಬೆ ಒಂದು. ಅಪೂರ್ಣ. ಸ್ಪಷ್ಟನೆ ನೀಡುವುದು.
'ಅಳೆಯಬಹುದಾದ ಫಲಿತಾಂಶ' ಎಂಬ ಚೌಕದಲ್ಲಿ
ನಾನು ಬರೆದೆ: ಕಣ್ಣು, ಒಂದು. ಬಾಕಿ, ಒಂದು.
ಸಾಹೇಬರು ಅದನ್ನು ಹೊಡೆದು ಹಾಕಿ
'ಬಾಂಧವ್ಯ ವೃದ್ಧಿಯಾಗಿರುತ್ತದೆ' ಎಂದು ತಿದ್ದಿದರು.

ಆಗಿರುತ್ತದೆ.
ಗಂಗಾವತಿ ಇಲ್ಲಿಂದ ನಲವತ್ತೈದು ಕಿಲೋಮೀಟರು,
ಕೈ ಮಾಡಿದರೆ ಬಸ್ಸು ನಿಲ್ಲುತ್ತದೆ.
ಅಲ್ಲಿ ನನ್ನ ಅಕ್ಕ ಇದ್ದಾಳೆ.
ಅವಳ ಹಳೆ ಲಂಗಗಳನ್ನೆಲ್ಲ ಉಟ್ಟು ಬೆಳೆದವಳು ನಾನು,
ಅವ್ವನ ಬೋರಮಾಳ ಯಾರಿಗೆಂದು
ನಾಲ್ಕು ವರ್ಷದಿಂದ ಮಾತಿಲ್ಲ.
ಯಾವ ಯೋಜನೆಯಡಿ ಅರ್ಜಿ ಹಾಕಲಿ?
ದುಭಾಷಿಗೆ ಎಷ್ಟು ತೋರಿಸಲಿ?

ಮೊನ್ನೆ ಫೋಟೋ ಬಂತು ಆ ಊರಿಂದ.
ಕಿಟಕಿಯಾಚೆ ಹಿಮ, ಹಲಗೆಯ ಮೇಲೆ ನಮ್ಮ ಗೊಂಬೆ,
ಬಲಗಣ್ಣು ನೀಲಿ.
ವಿರೂಪಣ್ಣನಿಗೆ ತೋರಿಸಿದೆ.
ಬಹಳ ಹೊತ್ತು ದಿಟ್ಟಿಸಿ ಅಂದ:
"ತುಸು ಮ್ಯಾಲ ಬರದಾಳ, ಹುಬ್ಬಿಗೆ ಹತ್ತೇತಿ."
ಮತ್ತೆ ಫೋನು ಇಸಕೊಂಡು ನೋಡಿದ.

ಆ ರಾತ್ರಿ ಅದೇ ಫೋಟೋ
ಅಕ್ಕನ ನಂಬರಿಗೆ ಕಳಿಸಿದೆ, ಒಂದಕ್ಷರ ಬರೆಯದೆ.
ಹನ್ನೊಂದು ದಾಟಿದ ಮೇಲೆ
ಎರಡು ಗೀಟು ನೀಲಿಯಾದವು.